ಇಬ್ಬರು ಕೂತರೆ ವಾಹನ

ಹೊಲಿಗೆ ಯಂತ್ರ ರಿಪೇರಿಯವನನ್ನು ಊರೆಲ್ಲ ಬಾಬಿನ್ ಎಂದೇ ಕರೆಯುತ್ತಿತ್ತು. ಯಂತ್ರದೊಳಗೆ ದಾರ ಸುತ್ತಿಕೊಂಡು ತಿರುಗುವ ಆ ಪುಟ್ಟ ಉರುಳೆಯ ಹಾಗೇ ಗಿಡ್ಡ ಆಳು, ಕೂತಲ್ಲಿ ಕೂರದೆ ಸುತ್ತುವ ಜೀವ. ಹೆಸರಿಟ್ಟವರು ಸುಳ್ಳೇನೂ ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷ ಸೈಕಲ್ ತುಳಿದು, ಮನೆಮನೆಗೆ ಹೋಗಿ, ಯಂತ್ರ ಬಿಚ್ಚಿ ಎಣ್ಣೆ ಹಾಕಿ ಜೋಡಿಸಿ ಬರುತ್ತಿದ್ದ. ಮೊಣಕಾಲು ಮುಷ್ಕರ ಹೂಡಿದ ಮೇಲೆ ಗುಜರಿಯಲ್ಲಿ ಒಂದು ಹಳೇ ಪಂಪಿನ ಎಂಜಿನ್ ಹುಡುಕಿ ತಂದು, ಅದನ್ನು ಸೈಕಲ್ಲಿನ ನಡುವಿನ ಕೊಳವೆಗೆ ಬಿಗಿದ. ನಾಲ್ಕು ಹೆಜ್ಜೆ ತುಳಿದು ಲಿವರ್ ಬಿಟ್ಟರೆ ಸಾಕು, ಆಮೇಲೆ ಕಾಲಿಗೆ ಕೆಲಸವಿಲ್ಲ. ಮೂವತ್ತು ಕಿಲೋ ಸಾಮಾನಿನ ಪೆಟ್ಟಿಗೆ ಹೊತ್ತು ನದಿಯಾಚೆಯ ಬಡಾವಣೆಗಳಿಗೆಲ್ಲ ಹೋಗಿಬರುವುದಕ್ಕೆ ಅವನಿಗಿದ್ದದ್ದು ಅದೊಂದೇ ದಾರಿ. ಅದು ಹೋದರೆ ಅನ್ನ ಹೋದ ಹಾಗೆ.

ಸೇತುವೆಯ ಆಚೆ ತುದಿಯಲ್ಲಿ ಪೊಲೀಸ್ ಚೌಕಿ. ಅಲ್ಲಿನ ದಪ್ಪ ಮೀಸೆಯ ಪೇದೆ ಮೊದಲ ದಿನವೇ ಕೈ ಅಡ್ಡ ಹಾಕಿದ್ದ.

“ಏನಪ್ಪಾ ಇದು? ಕತ್ತೆನೂ ಅಲ್ಲ, ಕುದುರೆನೂ ಅಲ್ಲ!”

“ಸೈಕಲ್ಲು ಸಾರ್.”

“ಹೌದಾ? ಎಂಜಿನ್ ಆಫ್ ಮಾಡಿ ತುಳಿದು ತೋರ್ಸು.”

ಬಾಬಿನ್ ಹಲ್ಲು ಕಚ್ಚಿ ಹತ್ತು ಮಾರು ತುಳಿದು ತೋರಿಸಿದ. ಪೇದೆಗೆ ಸಮಾಧಾನವಾಯಿತು. “ಒಬ್ಬ ಕೂತ್ರೆ ಸೈಕಲ್ಲು. ಇಬ್ರು ಕೂತ್ರೆ ವಾಹನ. ವಾಹನ ಅಂದ್ಮೇಲೆ ನಂಬರ್ ಬೇಕು, ಲೈಸೆನ್ಸ್ ಬೇಕು. ನಿನ್ಹತ್ರ ಎರಡೂ ಇಲ್ಲ. ಹಿಂದೆ ಯಾರನ್ನಾದ್ರೂ ಕೂರಿಸ್ಕೊಂಡು ಬಂದ್ಯೋ, ಅಲ್ಲಿಗೆ ಮುಗೀತು” ಎಂದು ಚೌಕಿಯ ಹಿತ್ತಲನ್ನು ತೋರಿಸಿದ. ವಶಪಡಿಸಿಕೊಂಡ ಗಾಡಿಗಳು ಅಲ್ಲಿ ಒಂದರ ಮೇಲೊಂದು ಬಿದ್ದು ತುಕ್ಕು ಹಿಡಿಯುತ್ತಿದ್ದವು. ಕಾನೂನಿನ ಪುಸ್ತಕದಲ್ಲಿ ಏನಿತ್ತೋ ಯಾರಿಗೆ ಗೊತ್ತು. ಸೇತುವೆಯ ಮೇಲೆ ಮೀಸೆ ಹೇಳಿದ್ದೇ ಕಾನೂನು.

ಕಾನೂನಿದ್ದಲ್ಲಿ ಕಳ್ಳದಾರಿಯೂ ಇರಬೇಕಲ್ಲ. ಎಂಜಿನ್ ಸೈಕಲ್ಲಿನವರೆಲ್ಲ ಒಂದು ಉಪಾಯ ಕಲಿತಿದ್ದರು. ಹಿಂದೆ ಕೂತವರನ್ನು ಸೇತುವೆಯ ಈಚೆಗೇ ಇಳಿಸುವುದು, ತಾವೊಬ್ಬರೇ ಚೌಕಿ ದಾಟುವುದು, ಆಚೆಯ ತಿರುವಿನಲ್ಲಿ ಕಾದು ಮತ್ತೆ ಹತ್ತಿಸಿಕೊಳ್ಳುವುದು. ಇಳಿದವರು ಸೇತುವೆಯ ಮೇಲೆ ನಡೆದು ಬರುತ್ತಿದ್ದರು. ಪೇದೆಗೂ ಇದು ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇರುವುದೂ ಡ್ಯೂಟಿಯೇ ತಾನೇ!

ಎರಡು ವರ್ಷದ ಹಿಂದೆ ಬಾಬಿನ್ ಕೂಡ ಹಾಗೇ ತಮ್ಮನನ್ನು ಇಳಿಸಿದ. ತಮ್ಮನೂ ಅವನ ಜೊತೆಗೇ ಕೆಲಸಕ್ಕೆ ಬರುತ್ತಿದ್ದ, ದಿನವೂ ಹೀಗೇ ಇಳಿದು ಹತ್ತುತ್ತಿದ್ದ. ಅವತ್ತು ಬೆಳಗಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಚಾಚಿದ ಕೈ ಕಾಣುತ್ತಿರಲಿಲ್ಲ. “ತಿರುವಲ್ಲಿ ಕಾಯ್ತಿರ್ತೀನಿ, ಬೇಗ ಬಾ” ಎಂದ ಅಣ್ಣ. “ನೀನು ರಾಜನ ಹಾಗೆ ಹೋಗು, ನಾನು ಆಳಿನ ಹಾಗೆ ಬರ್ತೀನಿ” ಎಂದು ತಮ್ಮ ನಗುತ್ತಾ ಮಂಜಿನೊಳಕ್ಕೆ ನಡೆದ. ಬಾಬಿನ್ ತಿರುವಿನಲ್ಲಿ ಅರ್ಧ ಗಂಟೆ ಕಾದ. ತಮ್ಮ ಬರಲಿಲ್ಲ. ಹಿಂದಿನ ರಾತ್ರಿ ತಮ್ಮ ಮತ್ತು ಅವನ ಹೆಂಡತಿಯ ಜಗಳ ಗೋಡೆಯಾಚೆಯಿಂದ ಕೇಳಿಸಿತ್ತು; ಸಿಟ್ಟು ಇಳಿಯದೆ ಮನೆಗೆ ವಾಪಸ್ ಹೋಗಿರಬೇಕು ಅಂದುಕೊಂಡು ಕೆಲಸಕ್ಕೆ ಹೊರಟುಹೋದ.

ಸಂಜೆ ಮನೆಯಲ್ಲೂ ತಮ್ಮ ಇರಲಿಲ್ಲ. ಠಾಣೆಯಲ್ಲಿ ದೂರು ಬರೆಸುವಾಗ, “ಮನೆಯಿಂದ ಹೇಗೆ ಹೊರಟ?” ಎಂದು ಕೇಳಿದರು. ನನ್ನ ಹಿಂದೆ ಕೂತು ಬಂದ ಎಂದರೆ ಸೈಕಲ್ಲು ಹಿತ್ತಲಿನ ರಾಶಿಗೆ ಸೇರುತ್ತಿತ್ತು. “ನಡ್ಕೊಂಡು ಹೋದ ಸಾರ್. ರಾತ್ರಿ ಮನೇಲಿ ಮಾತಿಗೆ ಮಾತು ಬೆಳೆದಿತ್ತು” ಎಂದುಬಿಟ್ಟ. ತಮ್ಮ ಹೇಗೂ ನಾಳೆ ಬರುತ್ತಾನೆ, ಬಂದ ಮೇಲೆ ನಿಜ ಹೇಳಿದರಾಯಿತು ಎಂಬ ಲೆಕ್ಕ. ಸುಳ್ಳಿಗೆ ಮೊದಲ ದಿನ ಮಾತ್ರ ನಮ್ಮ ಬಾಯಿ ಬೇಕು. ಆಮೇಲೆ ಅದು ತನ್ನ ಪಾಡಿಗೆ ತಾನು ಬದುಕಿಕೊಳ್ಳುತ್ತದೆ. ಪೊಲೀಸರು ಬಸ್ ನಿಲ್ದಾಣ ಹುಡುಕಿದರು, ಗೆಳೆಯರ ಮನೆ ಹುಡುಕಿದರು. ಸೇತುವೆಯ ಕಡೆಗೆ ಯಾರೂ ತಲೆ ಹಾಕಲಿಲ್ಲ.

ಪಾಪ, ಬಲಿಯಾದವಳು ತಮ್ಮನ ಹೆಂಡತಿ. “ಗಂಡನ್ನ ಓಡಿಸಿದವಳು” ಎಂದು ಬೀದಿಯೆಲ್ಲ ಮಾತಾಡಿತು. ಅವಳ ತವರೂ ಅದನ್ನೇ ನಂಬಿತು. ಅಷ್ಟೇ ಏಕೆ, ಅವಳೇ ನಂಬಿದಳು. ಆ ರಾತ್ರಿ ಸಿಟ್ಟಿನಲ್ಲಿ “ಹೋಗಿ, ಬರಲೇಬೇಡಿ” ಅಂದಿದ್ದಳು. ಹಿಂದಿನ ಕೋಣೆಯಲ್ಲಿ ಕೂತು ಬಟ್ಟೆ ಹೊಲಿಯುತ್ತಾ, ಬಾಗಿಲು ಸದ್ದಾದಾಗಲೆಲ್ಲ ಯಂತ್ರ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಅವಳ ಯಂತ್ರ ನಿಂತಿತೆಂದರೆ ಗೋಡೆಯ ಈಚೆಗೆ ಬಾಬಿನ್ನನ ಕೈಯ ತುತ್ತು ತಟ್ಟೆಗೇ ಮರಳುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಅವನ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ.

ಈ ವರ್ಷ ಮಂಜು ಶುರುವಾದ ಮೊದಲ ವಾರ. ಸೇತುವೆಯ ನಡುಮಧ್ಯಕ್ಕೆ ಬಂದಾಗ ಸೈಕಲ್ಲಿನ ಹಿಂಭಾಗ ಸಟ್ಟನೆ ಕುಸಿಯಿತು. ಹ್ಯಾಂಡಲ್ ಹಗುರಾಯಿತು, ಎಂಜಿನ್ ಏದುಸಿರು ಬಿಟ್ಟಿತು. ಚಕ್ರದ ಗಾಳಿ ಹೋಯಿತೆಂದು ಇಳಿದು ನೋಡಿದರೆ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಮತ್ತೆ ಹತ್ತಿದ, ಮತ್ತೆ ಭಾರ. ಚೌಕಿ ದಾಟಿ ತಿರುವಿಗೆ ಬಂದಾಗ ಅದು ತಾನಾಗಿ ಇಳಿದುಹೋಯಿತು. ಮರುದಿನವೂ ಅದೇ, ಅದೇ ಜಾಗದಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಬಾಬಿನ್ ಟೈರು ಬದಲಿಸಿದ, ಚೈನು ಬದಲಿಸಿದ, ಪೆಟ್ಟಿಗೆಯನ್ನು ಹಿಂದಿನಿಂದ ತೆಗೆದು ಮುಂದಕ್ಕೆ ಕಟ್ಟಿದ. ಕ್ಯಾರಿಯರ್ ಖಾಲಿಯಾಯಿತು. ಆಮೇಲೆ ಭಾರ ಇನ್ನೂ ಚೆನ್ನಾಗಿ ಕೂರತೊಡಗಿತು. ಸೊಂಟದ ಎಡಗಡೆ ಅಂಗಿಯನ್ನು ಯಾರೋ ಎರಡು ಬೆರಳಿನಿಂದ ಹಿಡಿದ ಹಾಗೆ ಅನಿಸುತ್ತಿತ್ತು. ಅವನು ತಿರುಗಿ ನೋಡಲಿಲ್ಲ. ತಿರುಗಿ ನೋಡಲು ಹೆದರಿಕೆ.

ನಾಲ್ಕನೆಯ ದಿನ ಮೀಸೆಯ ಪೇದೆ ಕೈ ಅಡ್ಡ ಹಾಕಿದ.

“ಏನಯ್ಯಾ, ಮೊದಲೆಲ್ಲ ಮರ್ಯಾದೆಯಿಂದ ಇಳಿಸಿ ಬರ್ತಿದ್ದೆ. ಈಗ ನನ್ನ ಕಣ್ಣೆದುರಿಗೇ ಕೂರಿಸ್ಕೊಂಡು ಬರೋ ಧೈರ್ಯ ಬಂತಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಬಾಬಿನ್ನನ ಕೈ ತಾನಾಗಿ ಹಿಂದಿನ ಕ್ಯಾರಿಯರ್ ಸವರಿತು. ಖಾಲಿ. ಆದರೆ ಕಬ್ಬಿಣ ಒದ್ದೆಯಾಗಿತ್ತು.

“ಯಾರೂ ಇಲ್ಲ ಸಾರ್.”

“ಈಗ ಇಲ್ಲ. ಮಂಜಲ್ಲಿ ಬರುವಾಗ ಇದ್ದ. ಒಂದೇ ಕಡೆ ಕಾಲು ಇಳಿಬಿಟ್ಕೊಂಡು ಕೂತಿದ್ದ. ಒಂದು ಕಾಲಲ್ಲಿ ಚಪ್ಪಲಿ ಇರ್ಲಿಲ್ಲ. ಎಲ್ಲಿ ಇಳಿಸ್ದೆ?”

ಹಾಗೆ ಎರಡು ಸಲ ಪೇದೆ ಬೈದು ಬಿಟ್ಟುಕಳಿಸಿದ. ಮೂರನೆಯ ಸಲ ಚೌಕಿಗೆ ಹೊಸದಾಗಿ ಬಂದಿದ್ದ ಅಧಿಕಾರಿ ತಾನೇ ಹೊರಗೆ ನಿಂತಿದ್ದಳು. ನಡುವಯಸ್ಸಿನ ಹೆಂಗಸು, ಕೂಗಾಡುವವಳಲ್ಲ. ಅವಳೂ ಇಬ್ಬರನ್ನು ಕಂಡಳು. ಸೈಕಲ್ಲು ಹಿತ್ತಲಿಗೆ ಹೋಯಿತು, ಬಾಬಿನ್ ಒಳಗಿನ ಬೆಂಚಿಗೆ ಬಂದ.

“ನೋಡಿ, ತಪ್ಪು ಒಪ್ಕೊಂಡು ದಂಡ ಕಟ್ಟಿದ್ರೆ ಇವತ್ತೇ ಗಾಡಿ ತಗೊಂಡು ಹೋಗಬಹುದು” ಎಂದು ಅವಳು ಒಂದು ಹಾಳೆ ಮುಂದಿಟ್ಟಳು. “ಹಿಂದೆ ಕೂತಿದ್ದವರ ಹೆಸರು ಇಲ್ಲಿ ಬರೀರಿ. ಇಲ್ಲಾಂದ್ರೆ ಕೇಸು ಕೋರ್ಟಿಗೆ ಹೋಗುತ್ತೆ.”

ಯಾವುದಾದರೂ ಹೆಸರು ಗೀಚಿದ್ದರೆ ಮುಗಿಯುತ್ತಿತ್ತು. ನಾಳೆಯಿಂದ ಮತ್ತೆ ಕೆಲಸ, ಮತ್ತೆ ಅನ್ನ. ಬಾಬಿನ್ ಪೆನ್ನು ಹಿಡಿದು ಬಹಳ ಹೊತ್ತು ಕೂತ. ಬೆಂಚಿನ ಆ ತುದಿ, ಯಾರೂ ಇಲ್ಲದ ತುದಿ, ಮೆಲ್ಲಗೆ ಕಿರುಗುಟ್ಟಿ ತಗ್ಗಿತು. ಮೇಜಿನಾಚೆಯ ಅಧಿಕಾರಿ ಕೂಡ ತಲೆಯೆತ್ತಿ ಅತ್ತ ನೋಡಿದಳು. ಬಾಬಿನ್ ತಮ್ಮನ ಹೆಸರು ಬರೆದ. ಬರೆದ ಮೇಲೆ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಎರಡು ವರ್ಷ ನುಂಗಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಅತ್ತುಬಿಟ್ಟ.

ಅಧಿಕಾರಿ ಟೋಪಿ ಹಾಕಿಕೊಂಡಳು. “ಎಲ್ಲಿ ಇಳಿಸಿದ್ರಿ, ತೋರಿಸಿ. ಅಲ್ಲಿಂದ ನಡೆಯೋಣ.”

ಮೀಸೆಯ ಪೇದೆಯೂ ಸೇರಿ ಮೂವರೂ ಸೇತುವೆಯ ಈಚೆ ತುದಿಯಿಂದ ಕಾಲುದಾರಿಯ ಮೇಲೆ ನಡೆದರು. ಎರಡು ವರ್ಷದಲ್ಲಿ ಬಾಬಿನ್ ಅಲ್ಲಿ ಒಂದು ಸಲವೂ ಕಾಲಿಟ್ಟಿರಲಿಲ್ಲ. ಪೇದೆ ಎರಡು ಸಲ ಹಿಂತಿರುಗಿ ನೋಡಿ, “ಮೇಡಂ, ನಾವು ಮೂರೇ ಜನ ತಾನೇ?” ಎಂದ. ಅಧಿಕಾರಿ ಹೆಜ್ಜೆ ಚುರುಕು ಮಾಡಿದಳು. ನಡುಮಧ್ಯದಲ್ಲಿ, ಸೈಕಲ್ಲಿಗೆ ಭಾರ ಏರುತ್ತಿದ್ದ ಜಾಗದ ಪಕ್ಕಕ್ಕೇ, ಸಾಲಿನಲ್ಲಿ ಒಂದು ಚಪ್ಪಡಿ ಮಾತ್ರ ಹೊಸದು. ಸಿಮೆಂಟು ಹಸಿಯಿದ್ದಾಗ ಕೆಲಸದವರು ಮೊಳೆಯಿಂದ ತಾರೀಕು ಗೀಚಿದ್ದರು; ತಮ್ಮ ಕಾಣೆಯಾದ ವಾರದ್ದೇ. ಹಳೆಯ ಚಪ್ಪಡಿ ಒಡೆದು ಬಾಯಿ ತೆರೆದಿತ್ತು, ಮಂಜಿನಲ್ಲೇ ಬಂದು, ಒಳಗೆ ಇಣುಕದೆ, ಹೊಸದನ್ನು ಹಾಕಿ ಮುಚ್ಚಿ ಹೋಗಿದ್ದರು. ಕೆಳಗೆ, ಸೇತುವೆಯ ದಪ್ಪ ಕಂಬದೊಳಗೆ, ನೀರಿನ ಕೊಳವೆ ಹೋಗುವ ಎರಡಾಳು ಆಳದ ಗುಂಡಿ. ಕರೆಸಿದ ಆಳುಗಳು ನಾಲ್ಕು ಜನ ಸೇರಿ ಚಪ್ಪಡಿ ಎತ್ತಿದಾಗ ಟಾರ್ಚಿನ ಬೆಳಕಿಗೆ ಮೊದಲು ಕಂಡದ್ದು ಕೊಳವೆಗೆ ಸಿಕ್ಕಿಕೊಂಡಿದ್ದ ಒಂದು ಚಪ್ಪಲಿ. ಆಮೇಲಿನದನ್ನು ನೋಡಲು ಬಾಬಿನ್ನನನ್ನು ಬಿಡಲಿಲ್ಲ.

ಸೈಕಲ್ಲು ಸಾಕ್ಷಿಯಾಗಿ ಚೌಕಿಯಲ್ಲೇ ಉಳಿಯಿತು. ಅದು ಇನ್ನು ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಪೆಟ್ಟಿಗೆಯನ್ನು ಹೆಗಲಿಗೇರಿಸಿ, ಕುಂಟುತ್ತಾ ಮನೆಗೆ ನಡೆದ. ದಾರಿಯುದ್ದಕ್ಕೂ ಹಿಂದೆ ಯಾರೂ ಇರಲಿಲ್ಲ. ಹಾಗೆ ಯಾರೂ ಇಲ್ಲದಿರುವುದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ತಮ್ಮನ ಹೆಂಡತಿ ಯಂತ್ರದ ಮುಂದೆ ಕೂತಿದ್ದಳು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದ: ಇಳಿಸಿದ್ದು, ಠಾಣೆಯಲ್ಲಿ ಹೇಳಿದ ಸುಳ್ಳು, ಗುಂಡಿ, ಅದರ ಮೇಲೆ ಮುಚ್ಚಿದ ಚಪ್ಪಡಿ. “ನಿನ್ನ ಮಾತಿಗೆ ಹೋದೋನಲ್ಲ ಕಣಮ್ಮ. ಕೆಲಸಕ್ಕೆ ಅಂತ ನಗ್ತಾ ಹೋದ.” ಅವಳು ಸೂಜಿಯ ಕೆಳಗಿನ ಬಟ್ಟೆಯನ್ನು ಅಂಗೈಯಿಂದ ಸವರುತ್ತಾ ಕೇಳಿಸಿಕೊಂಡಳು.

“ಕಲ್ಲು ಮುಚ್ಚಿದ್ದು ಯಾವತ್ತು, ಭಾವ?”

ಅವತ್ತೇ ಮಧ್ಯಾಹ್ನ ಎಂಬ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಹಾಗೆಂದರೆ ಅವಳಿಗೆ ನಿದ್ದೆಯಾದರೂ ಬಂದೀತು.

“ನಾಲ್ಕನೇ ದಿನ” ಎಂದ.

“ನಾಲ್ಕು ದಿನ” ಎಂದಳು ಅವಳು. ಬಟ್ಟೆಯ ಮೇಲಿನ ಕೈ ತೆಗೆದು, “ಕೂಗಿರ್ತಾರೆ. ಆ ಕಡೆ ಯಾರೂ ಓಡಾಡ್ಲಿಲ್ವಾ?” ಎಂದು ಕೇಳಿದಳು.

“ನಾನು ಓಡಾಡಿದೆ ಕಣಮ್ಮ. ದಿನಕ್ಕೆ ಎರಡು ಸಲ. ಎಂಜಿನ್ ಸದ್ದಲ್ಲಿ ನನಗೆ ಏನೂ ಕೇಳ್ತಿರಲಿಲ್ಲ.”