ಕಾಪುವಿನ ಕೆಂಪು ಪಾಚಿ

ಬಣ್ಣ ಮುಟ್ಟುವ ತನಕ ನಾನು ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಚಿತ್ರ ಬಿಡಿಸುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಬನ್ನಂಜೆಯಲ್ಲಿ ನಮ್ಮ ಮನೆ. ವಾರವಿಡೀ ಉಡುಪಿಯ ಕಾಲೇಜಿನಲ್ಲಿ ಬಿ.ಕಾಂ. ಓದುವುದು, ಭಾನುವಾರ ಬೆಳಿಗ್ಗೆ ಡ್ರಾಯಿಂಗ್ ಮಾಸ್ಟ್ರ ಮನೆಗೆ ಹೋಗುವುದು. ಮಾಸ್ಟ್ರು ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ ತಮ್ಮ ಮನೆಯ ಜಗಲಿಯಲ್ಲಿ ಕೆಲವು ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದರು. ಮೊದಲ ವರ್ಷ ಪೆನ್ಸಿಲ್ ಮಾತ್ರ. ಹಲಸಿನ ಎಲೆ, ಬಾವಿಯ ರಾಟೆ, ಒಣಗಿದ ತೆಂಗಿನ ಮಡಲು. ಎಲ್ಲಿ ನೆರಳು ಗಾಢ, ಎಲ್ಲಿ ತೆಳು ಎನ್ನುವುದು ನನಗೆ ಕಲಿಸದೆಯೇ ಗೊತ್ತಾಗುತ್ತಿತ್ತು. ಮಾಸ್ಟ್ರು ನನ್ನ ಹಾಳೆಯನ್ನು ಎತ್ತಿ ಉಳಿದವರಿಗೆ ತೋರಿಸುತ್ತಿದ್ದರು. ನಾನು ತಲೆ ತಗ್ಗಿಸಿ ಕೂತಿರುತ್ತಿದ್ದೆ, ಒಳಗೊಳಗೆ ಉಬ್ಬಿಹೋಗುತ್ತಿದ್ದೆ.

ಎರಡನೆಯ ವರ್ಷ ಜಲವರ್ಣ ಶುರುವಾಯಿತು. ಟ್ಯೂಬುಗಳ ಮೇಲೆ ಹೆಸರು ಬರೆದಿರುತ್ತಿತ್ತು. ಎಲೆಯಾದರೆ ಹಸಿರು ಎಂದು ಬರೆದ ಟ್ಯೂಬು, ಮಣ್ಣಾದರೆ ಕಂದು ಎಂದು ಬರೆದ ಟ್ಯೂಬು. ಓದಿ ಹಾಕುವುದು. ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದು ನಾನು ನಂಬಿದ್ದೆ.

“ನೀನು ಎಲ್ಲ ಮರಕ್ಕೂ ಒಂದೇ ಹಸಿರು ಬಳಿಯುತ್ತೀಯಲ್ಲ, ಎಂತ ಮಾರಾಯ?” ಎಂದು ಮಾಸ್ಟ್ರು ಒಮ್ಮೆ ಕೇಳಿದರು. “ಮಾವಿನ ಚಿಗುರು ಹಸಿರಾ? ಕಣ್ಣು ಬಿಟ್ಟು ನೋಡು.”

ನಾನು ನೋಡಿದೆ. ಚಿಗುರು ಉಳಿದ ಎಲೆಗಿಂತ ಸ್ವಲ್ಪ ತೆಳುವಾಗಿ ಕಂಡಿತು, ಅಷ್ಟೆ. ನಾನು ಇನ್ನೂ ಸರಿಯಾಗಿ ನೋಡಲು ಕಲಿಯಬೇಕು ಎಂದುಕೊಂಡೆ.

ಮಳೆಗಾಲ ಮುಗಿದ ಮೇಲೆ ಮಾಸ್ಟ್ರು ನಮ್ಮನ್ನು ಕಾಪುವಿನ ಕಡಲತೀರಕ್ಕೆ ಕರೆದುಕೊಂಡು ಹೋದರು. ನಮ್ಮ ತರಗತಿಯಲ್ಲಿ ಕಾಪುವಿನವನೇ ಒಬ್ಬ ಗೆಳೆಯನಿದ್ದ, ಬ್ಯಾರಿ ಮುಸ್ಲಿಮರ ಮನೆಯ ಹುಡುಗ. ಅವನ ತಂದೆ ದುಬೈಯಲ್ಲಿ ಕೆಲಸಕ್ಕಿದ್ದರು. ಅವರು ಕಳಿಸಿದ ಹೊಸ ಬಣ್ಣದ ಡಬ್ಬಿಯನ್ನು ಅವನು ಆ ದಿನ ತಂದಿದ್ದ. ತಗಡಿನ ಡಬ್ಬಿ, ಒಳಗೆ ಸಾಲಾಗಿ ಬಣ್ಣದ ಬಿಲ್ಲೆಗಳು. “ನಿನ್ನ ಟ್ಯೂಬು ಒಳಗಿಡು. ಇವತ್ತು ನಾವಿಬ್ಬರೂ ಇದರಲ್ಲೇ ಮಾಡುವ” ಎಂದು ಡಬ್ಬಿಯನ್ನು ನಮ್ಮಿಬ್ಬರ ನಡುವೆ ಇಟ್ಟ. ಬಿಲ್ಲೆಗಳ ಮೇಲೆ ಹೆಸರಿರಲಿಲ್ಲ.

ದೀಪಸ್ತಂಭದ ಕೆಳಗಿನ ಬಂಡೆಗಳ ಎದುರು ಕೂತೆ. ಮಳೆಗೆ ಬೆಳೆದ ಪಾಚಿ ಬಂಡೆಯನ್ನು ಅರ್ಧ ಮುಚ್ಚಿತ್ತು. ಹಿಂದೆ ಸಮುದ್ರ, ಬದಿಯಲ್ಲಿ ತೆಂಗಿನ ಸಾಲು. ಆ ದಿನ ಕೈ ಸರಾಗವಾಗಿ ಓಡಿತು. ಒದ್ದೆ ಹಾಳೆಯ ಮೇಲೆ ಬಣ್ಣ ತಾನಾಗಿ ಹರಡಿ, ಬೇಕಾದ ಕಡೆಯೇ ನಿಲ್ಲುತ್ತಿತ್ತು. ಅಷ್ಟು ಒಳ್ಳೆಯ ಚಿತ್ರ ನಾನು ಅದುವರೆಗೆ ಮಾಡಿರಲಿಲ್ಲ. ನನ್ನ ಬೆನ್ನ ಹಿಂದೆ ಜನ ಸೇರುತ್ತಿದ್ದಾರೆ ಎಂದು ಗೊತ್ತಾದಾಗ ಇನ್ನಷ್ಟು ಹುರುಪು ಬಂತು.

ಆಮೇಲೆ ಯಾರೋ ನಕ್ಕರು. ಮಣಿಪಾಲದ ಹಾಸ್ಟೆಲಿನ ಹುಡುಗರಿರಬೇಕು, ಇಂಗ್ಲಿಷಿನಲ್ಲಿ ಏನೋ ಹೇಳಿ ಮತ್ತೆ ನಕ್ಕರು. ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು, “ಅಯ್ಯೋ, ಬಂಡೆಗೆ ರಕ್ತ ಬಳಿದ ಹಾಗೆ ಉಂಟಲ್ಲ!” ಎಂದಳು. ಗೆಳೆಯ ಬಗ್ಗಿ ನೋಡಿ, ಅವನೂ ನಕ್ಕುಬಿಟ್ಟ. ಅಷ್ಟರಲ್ಲಿ ಮಾಸ್ಟ್ರು ಬಂದರು.

“ಎಂತ ಇದು? ಕೆಂಪು ಪಾಚಿ, ಕೆಂಪು ತೆಂಗಿನಮರ! ತಮಾಷೆಯಾ?”

ನಾನು ಹಾಳೆಯನ್ನು ನೋಡಿದೆ, ಬಂಡೆಯನ್ನು ನೋಡಿದೆ. ಎರಡೂ ಒಂದೇ ಹಾಗಿದ್ದವು. ಎಲ್ಲರಿಗೂ ಕಾಣುವ ತಪ್ಪು ನನ್ನೊಬ್ಬನಿಗೆ ಕಾಣುತ್ತಿರಲಿಲ್ಲ. ಬಟ್ಟೆಯಿಲ್ಲದೆ ಸಂತೆಯಲ್ಲಿ ನಿಂತ ಹಾಗಾಯಿತು. ಏನು ತಪ್ಪಾಗಿದೆ ಎಂದು ಕೇಳಿದರೆ ಇನ್ನೂ ನಗುತ್ತಾರೆ ಎಂಬ ಭಯದಲ್ಲಿ, “ಹೌದು ಸರ್, ತಮಾಷೆಗೆ ಮಾಡಿದ್ದು” ಎಂದೆ.

ಮಾಸ್ಟ್ರ ಮುಖ ಗಂಟಿಕ್ಕಿತು. “ಪ್ರಕೃತಿಯ ಎದುರು ಕೂತು ತಮಾಷೆ ಮಾಡುವವ ನನ್ನ ಕ್ಲಾಸಿಗೆ ಬೇಡ. ಸಾಮಾನು ಕಟ್ಟು.”

ಬಸ್ಸಿನಲ್ಲಿ ಉಡುಪಿಯವರೆಗೂ ನಾನು ಕಿಟಕಿಯ ಹೊರಗೆ ನೋಡಲಿಲ್ಲ.

ಮನೆಗೆ ಬಂದು ಚಿತ್ರವನ್ನು ಅಕ್ಕನಿಗೆ ತೋರಿಸಿದೆ. ಅಕ್ಕ ಶಾಲೆಯಲ್ಲಿ ಟೀಚರ್. ನಾನು ಏನು ಕೇಳಿದರೂ ನಗದೆ ಉತ್ತರ ಕೊಡುವವಳು ಅವಳೊಬ್ಬಳೇ. “ಇದರಲ್ಲಿ ಎಂತ ತಪ್ಪು ಉಂಟು, ಹೇಳು” ಎಂದೆ. ಅವಳು ಚಿತ್ರ ನೋಡಿದಳು, ಆಮೇಲೆ ನನ್ನನ್ನು ಬಹಳ ಹೊತ್ತು ನೋಡಿದಳು. ಅಂಗಳಕ್ಕೆ ಕರೆದುಕೊಂಡು ಹೋಗಿ ಅಬ್ಬಲಿಗೆಯ, ಅಂದರೆ ಕನಕಾಂಬರದ, ಗಿಡದ ಎದುರು ನಿಲ್ಲಿಸಿದಳು.

“ಇದರಲ್ಲಿ ಹೂ ಎಷ್ಟು ಉಂಟು?”

ನಾನು ಬಗ್ಗಿ, ಎಲೆಗಳನ್ನು ಸರಿಸಿ, ಹುಡುಕಿ ಹುಡುಕಿ ಎಣಿಸತೊಡಗಿದೆ. ಅಕ್ಕನ ಕಣ್ಣು ತುಂಬಿತು. “ಚಿಕ್ಕವನಿದ್ದಾಗ ಹೂ ಕೊಯ್ಯಲು ಕಳಿಸಿದರೆ ಅರ್ಧ ಬಿಟ್ಟು ಬರುತ್ತಿದ್ದೆ. ಸೋಮಾರಿ ಅಂತ ಅಮ್ಮ ಬೈಯುತ್ತಿದ್ದದ್ದು ನೆನಪುಂಟಾ? ಇಲ್ಲಿಂದ ನೋಡಿದರೂ ಗಿಡ ತುಂಬ ಹೂವೇ ಕಾಣುವುದು, ಮಾರಾಯ.”

ಅಪ್ಪ ಅಮ್ಮನಿಗೆ ಹೇಳದೆ ನಾವಿಬ್ಬರೂ ಮಣಿಪಾಲದ ಆಸ್ಪತ್ರೆಗೆ ಹೋದೆವು. ಕಣ್ಣಿನ ಡಾಕ್ಟರು ಒಂದು ಪುಸ್ತಕ ತೆರೆದು ನನ್ನ ಎದುರು ಇಟ್ಟರು. ಪುಟದ ತುಂಬ ಬಣ್ಣಬಣ್ಣದ ಚುಕ್ಕೆಗಳು. ಅದರೊಳಗೆ ಅಂಕೆ ಇದೆಯಂತೆ. ಮೊದಲ ಪುಟದ ಅಂಕೆಯನ್ನು ಓದಿದೆ. ಅನಂತರದ ಪುಟಗಳಲ್ಲಿ ಚುಕ್ಕೆಗಳನ್ನು ಬಿಟ್ಟು ಬೇರೇನೂ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅಕ್ಕನ ತುಟಿ ಪ್ರತಿ ಪುಟಕ್ಕೂ ಅಲುಗುತ್ತಿತ್ತು. ಅವಳಿಗೆ ಎಲ್ಲ ಕಾಣುತ್ತಿತ್ತು. ಪರೀಕ್ಷೆಯಲ್ಲಿ ಪಕ್ಕದವನು ಬರೆಯುತ್ತಿರುವಾಗ ಖಾಲಿ ಹಾಳೆ ಹಿಡಿದು ಕೂತವನಂತೆ ನನ್ನ ಕಿವಿ ಬಿಸಿಯಾಯಿತು.

“ಕೆಂಪು ಮತ್ತು ಹಸಿರು ನಿಮಗೆ ಬೇರೆಬೇರೆಯಾಗಿ ಕಾಣುವುದಿಲ್ಲ. ಇದು ಹುಟ್ಟಿನಿಂದ ಇರುವುದು, ಔಷಧಿ ಇಲ್ಲ. ಬೇರೆ ತೊಂದರೆ ಏನೂ ಇಲ್ಲ” ಎಂದು ಡಾಕ್ಟರು ಸಮಾಧಾನದಿಂದ ಹೇಳಿದರು. ಆಮೇಲೆ ಕೇಳಿದರು: “ನಿಮ್ಮ ತಾಯಿಯ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಉಂಟಾ?”

ಅಮ್ಮನಿಗೆ ಒಬ್ಬನೇ ತಮ್ಮ. ಕಾರ್ಕಳದಲ್ಲಿ ಬ್ಯಾಂಕಿನ ಗುಮಾಸ್ತರಾಗಿದ್ದರು. ಮಿತಭಾಷಿ, ಯಾವಾಗಲೂ ಬಿಳಿ ಅಂಗಿ. ರಜೆಯಲ್ಲಿ ನಾನು ಅವರ ಮನೆಗೆ ಹೋದೆ. ಕೇಳುವ ಧೈರ್ಯ ಬರಲಿಲ್ಲ. ಸಂಜೆ ಅವರೊಡನೆ ಆನೆಕೆರೆಯ ಕಡೆ ನಡೆಯುತ್ತಿದ್ದಾಗ, ಮುಖ ನೋಡದೆ ಹೇಳಿಬಿಟ್ಟೆ.

ಮಾವ ನಿಂತರು. “ನಿನಗೂ ಬಂತಾ?” ಎಂದರು. ತಮ್ಮ ಕೈಯಿಂದಲೇ ನನಗೆ ಏನೋ ಕೆಟ್ಟದ್ದು ಕೊಟ್ಟವರಂತೆ ಅವರ ಸ್ವರ ಕುಗ್ಗಿತ್ತು.

ಅವರಿಗೆ ಹರೆಯದಲ್ಲಿ ರೈಲ್ವೆಯ ಕೆಲಸ ಸಿಕ್ಕಿತ್ತಂತೆ. ಕಣ್ಣಿನ ಪರೀಕ್ಷೆಯಲ್ಲಿ ತಿರಸ್ಕರಿಸಿದರು. ಊರಿಗೆ ಬಂದು, ದೂರದ ಕೆಲಸ ಬೇಡವೆನಿಸಿತು ಎಂದು ಸುಳ್ಳು ಹೇಳಿದರು. “ನಿನ್ನ ಅಮ್ಮನಿಗೆ ಗೊತ್ತಿಲ್ಲ. ನಿನ್ನ ಅತ್ತೆಗೂ ಗೊತ್ತಿಲ್ಲ. ಹೇಳಿದರೆ, ಇವನಿಗೆ ಕಣ್ಣು ಸರಿ ಇಲ್ಲ ಅಂತ ಆಗುತ್ತದಲ್ವಾ?”

ನಾವು ಕೆರೆಯ ದಂಡೆಯಲ್ಲಿ ಕೂತೆವು. ಎದುರಿಗೆ ನೀರು, ಅದರಾಚೆ ಗದ್ದೆ, ಗದ್ದೆಯಾಚೆ ಕರಿಬಂಡೆಯ ಬೆಟ್ಟ. “ನಿನಗೆ ಎಂತ ಕಾಣುತ್ತದೆ?” ಎಂದು ಮಾವ ಕೇಳಿದರು. ಗದ್ದೆಯೂ ಬದುವಿನ ಮಣ್ಣೂ ಒಂದೇ, ಆದರೆ ಬದುವಿನ ನೆರಳು ಬೇರೆ ಎಂದೆ. “ಹೌದು, ನನಗೂ ಹಾಗೆಯೇ” ಎಂದರು. ಬಂಡೆಯ ಬಲಬದಿಯಲ್ಲಿ ಬಿಸಿಲಿನ ಪಟ್ಟಿ ಇದೆ ಎಂದೆ. “ಹಳದಿ ಪಟ್ಟಿ. ಅದು ಎಷ್ಟು ಚೆಂದ ಉಂಟಲ್ವಾ?” ಎಂದರು. ನನಗೆ ಕಂಡದ್ದನ್ನು ಹೌದು ಎಂದವರು ಅವರೇ ಮೊದಲಿಗರು. ಆ ಕ್ಷಣ ಅಳು ಬಂತು. ಅದಕ್ಕೂ ನಾಚಿಕೆಯಾಗಿ ಮುಖ ತೊಳೆಯುವ ನೆಪದಲ್ಲಿ ನೀರಿಗಿಳಿದೆ.

ಮರುದಿನದಿಂದ ರಜೆ ಮುಗಿಯುವ ತನಕ ನಾನು ಅದೇ ದಂಡೆಯಲ್ಲಿ ಕೂತು ಚಿತ್ರ ಮಾಡಿದೆ. ಎರಡೇ ಟ್ಯೂಬು, ಒಂದು ಕಡುನೀಲಿ, ಒಂದು ಹಳದಿ. ಎರಡನ್ನೂ ಬೆರೆಸಿದರೆ ಹಸಿರಾಗುತ್ತದೆ ಎಂಬ ಭಯಕ್ಕೆ, ಒಂದು ಪೂರ್ತಿ ಒಣಗದೆ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ಹಾಗೆ ಕಾಯುತ್ತ ಕೂತಾಗ ನೋಡಲು ಸಮಯ ಸಿಗುತ್ತಿತ್ತು. ಬೆಳಿಗ್ಗೆ ಬೆಟ್ಟ ನೀರಿಗಿಂತ ತೆಳುವಾಗಿರುತ್ತದೆ, ಮಧ್ಯಾಹ್ನ ನೀರೇ ಎಲ್ಲಕ್ಕಿಂತ ಬೆಳ್ಳಗೆ, ಸಂಜೆ ಮೊದಲು ಕಪ್ಪಾಗುವುದು ಮರದ ಬುಡ. ಟ್ಯೂಬಿನ ಮೇಲಿನ ಹೆಸರು ಓದಿ ಬಳಿಯುತ್ತಿದ್ದಾಗ ಇದೊಂದನ್ನೂ ನಾನು ನೋಡಿರಲಿಲ್ಲ.

ಆ ಹಾಳೆಗಳನ್ನು ಹಿಡಿದು ಮಾಸ್ಟ್ರ ಮನೆಗೆ ಹೋದೆ. ಜಗಲಿಯ ಮೆಟ್ಟಿಲಲ್ಲಿ ನಿಂತೇ ಎಲ್ಲ ಹೇಳಿದೆ. ಅವರು ಹಾಳೆಗಳನ್ನು ಒಂದೊಂದಾಗಿ ನೋಡಿದರು. “ಅವತ್ತು ಅಷ್ಟು ಜನರ ಎದುರು ನಿನ್ನನ್ನು...” ಎಂದು ಶುರುಮಾಡಿ, ಕನ್ನಡಕ ತೆಗೆದು ಒರೆಸತೊಡಗಿದರು. ಹಿರಿಯರೊಬ್ಬರು ನನ್ನೆದುರು ತಲೆ ತಗ್ಗಿಸಿದ್ದನ್ನು ನೋಡುವುದು ಬೈಸಿಕೊಂಡದ್ದಕ್ಕಿಂತ ಕಷ್ಟವಾಯಿತು. “ಇಲ್ಲ ಸರ್, ನನಗೂ ಗೊತ್ತಿರಲಿಲ್ಲ” ಎಂದೆ.

“ಒಳಗೆ ಬಾ” ಎಂದರು. “ಈ ನೀಲಿಗೆ ಇನ್ನೂ ನೀರು ಬೇಕು. ಬಿಳಿ ಬೇಕಾದ ಕಡೆ ಹಾಳೆಯನ್ನು ಹಾಗೆಯೇ ಬಿಡು, ಹೆದರಬೇಡ. ಹಸಿರು ಬೇಕೇ ಬೇಕಾದರೆ ಪಕ್ಕದವರನ್ನು ಕೇಳು. ಅದರಲ್ಲಿ ಎಂತ ಮರ್ಯಾದೆ ಹೋಗುವುದು?”

ಮತ್ತೆ ಭಾನುವಾರಗಳು ಶುರುವಾದವು. ಕಾಪುವಿನ ಗೆಳೆಯ ನನ್ನ ಪಕ್ಕದಲ್ಲೇ ಚಾಪೆ ಹಾಸಿಕೊಂಡ. ಆದರೆ ಅವನನ್ನು ಬಣ್ಣ ಕೇಳಲು ನನಗೆ ಆಗಲೇ ಇಲ್ಲ.

ಎಂಬತ್ತರ ದಶಕ ಶುರುವಾದ ಮೇಲೆ, ಮಾಸ್ಟ್ರು ಉಡುಪಿಯ ಒಂದು ಶಾಲೆಯ ಹಾಲ್‌ನಲ್ಲಿ ತಮ್ಮ ಶಿಷ್ಯರ ಚಿತ್ರಗಳನ್ನು ತೂಗುಹಾಕಿಸಿದರು. ಕಾರ್ಕಳದ ಕೆರೆಯ ಚಿತ್ರಗಳಿಗೆ ಒಂದು ಇಡೀ ಗೋಡೆ ಸಿಕ್ಕಿತು. ಬಂದವರು ಹೊಗಳಿದರು. ಕಾಲೇಜಿನ ಅಧ್ಯಾಪಕರೊಬ್ಬರು, “ಈ ವಯಸ್ಸಿಗೆ ಬಣ್ಣದಲ್ಲಿ ಎಂಥ ಸಂಯಮ!” ಎಂದರು. ಕಾಪುವಿನಲ್ಲಿ ನಕ್ಕವರ ಎದುರು ಆದ ನಾಚಿಕೆಯೇ ಹೊಗಳುವವರ ಎದುರೂ ಆಯಿತು. ಸಂಯಮವಲ್ಲ ಎಂದು ಹೇಳಬೇಕಿತ್ತು. ನಾನು ಕೈಮುಗಿದೆ, ಅಷ್ಟೆ.

ಆಗ ಪಕ್ಕದಲ್ಲಿದ್ದ ಮಾವ ಮಾತಾಡಿದರು. ಅವರು ಅತ್ತೆಯ ಜೊತೆ ಕಾರ್ಕಳದಿಂದ ಬಂದಿದ್ದರು. “ಸಂಯಮ ಅಲ್ಲ ಸಾರ್. ಅವನಿಗೆ ಕೆಂಪು, ಹಸಿರು ಗೊತ್ತಾಗುವುದಿಲ್ಲ. ಅವನಿಗೆ ಕೆರೆ ಹೀಗೆಯೇ ಕಾಣುವುದು.” ಆಮೇಲೆ ಹೇಳಿದರು: “ನನಗೂ ಹೀಗೆಯೇ ಕಾಣುವುದು.”

ಅಧ್ಯಾಪಕರು ಮತ್ತೆ ಚಿತ್ರದ ಕಡೆ ತಿರುಗಿದರು. ಅತ್ತೆ ಮಾತ್ರ ಮಾವನ ಮುಖವನ್ನೇ ನೋಡುತ್ತಿದ್ದರು.

“ನೀವು ಎಂತ ಹೇಳುವುದು? ಹಾಗಾದರೆ ಹಬ್ಬಕ್ಕೆ ನಾನು ಉಡುವ ಸೀರೆ ಎಲ್ಲ, ಚೆಂದ ಉಂಟು, ಚೆಂದ ಉಂಟು ಅಂತ...”

“ಸೀರೆಯ ಬಣ್ಣ ನೋಡಿ ನಾನು ಹೇಳಿದ್ದಲ್ಲ ಮಾರಾಯ್ತಿ” ಎಂದರು ಮಾವ. ಅವರ ಕಿವಿಯವರೆಗೂ ರಂಗೇರಿತ್ತು ಎಂದು ಅಲ್ಲೇ ಇದ್ದ ನನ್ನ ಅಕ್ಕ ಆಮೇಲೆ ಹೇಳಿದಳು. ನನಗೆ ಅದು ಕಂಡಿರಲಿಲ್ಲ.

ಅತ್ತೆ ಗೋಡೆಯ ಹತ್ತಿರ ಹೋಗಿ, ಕೆರೆಯ ಪ್ರತಿಯೊಂದು ಚಿತ್ರದ ಎದುರೂ ಬಹಳ ಹೊತ್ತು ನಿಂತರು. ನಾನು ಹಾಲ್‌ನ ಬಾಗಿಲಿಗೆ ಹೋಗಿ, ಹೊರಡುತ್ತಿದ್ದ ಅಧ್ಯಾಪಕರನ್ನು ಕರೆದು, “ಮಾವ ಹೇಳಿದ್ದು ನಿಜ ಸರ್. ಸಂಯಮ ಅಲ್ಲ, ನನ್ನ ಕಣ್ಣೇ ಹಾಗೆ” ಎಂದೆ.