ಮೆಟ್ಟುಗಾಲು ಹಕ್ಕಿಯ ಗೂಡಿಗೆ ಸುಣ್ಣದ ಬಳೆ

ಆ ಶನಿವಾರ ಬೆಳಿಗ್ಗೆ ಕ್ಯಾಸಂಬಳ್ಳಿ ಹತ್ತಿರದ ಕೆರೆಯಂಗಳದಲ್ಲಿ ನಾವು ಮೂವರಿದ್ದೆವು. ಕ್ಯಾಮೆರಾ ಹಿಡಿದು ಕೆಸರಿನಲ್ಲಿ ಬೋರಲು ಮಲಗಿದ್ದ ನಾನು, ಪಕ್ಕದಲ್ಲಿ ಕೊಡೆ ಹಿಡಿದು ಕೂತಿದ್ದ ನನ್ನ ಸೋದರಮಾವ, ತುಸು ದೂರದಲ್ಲಿ ಎರಡು ಸೀಮೆಹಸು ಮೇಯಿಸುತ್ತಿದ್ದ, ಕೆರೆಯಂಚಿನ ಹೊಲದ ಅಕ್ಕ. ಮಾವ ಕೆಜಿಎಫ್‌ನ ಚಾಂಪಿಯನ್ ರೀಫ್ಸಿನವರು, ಚಿನ್ನದ ಗಣಿ ಮುಚ್ಚುವವರೆಗೂ ಭೂಮಿಯೊಳಗೆ ದುಡಿದವರು. ಕೆಸರಿನಲ್ಲಿ ಅಲುಗಾಡದೆ ಮಲಗುವುದನ್ನು ನನಗೆ ಕಲಿಸಿದ್ದೇ ಅವರು.

“ನೀರಕ್ಕಿ ಫೋಟೋ ತೆಗಿಯೋರು ಸಮುದ್ರಕ್ಕೆ ಓಗ್ತಾರಂತೆ. ನೀನ್ಯಾಕ್ ತಮ್ಮಾ ನಮ್ ಹಸ ಗಂಜಲ ಉಯ್ದಿರೋ ಜಾಗದಲ್ಲಿ ಬಿದ್ದಿದ್ದೀಯ?” ಅಂದಳು ಅಕ್ಕ.

“ಸಮುದ್ರ ನಿನ್ನ ಹೊಲದ ಪಕ್ಕಕ್ಕೆ ಬಂದಾಗ ಹೇಳಕ್ಕಾ, ಅಲ್ಲೇ ಬೀಳ್ತೀನಿ,” ಅಂದೆ.

ನೀರಿನ ಅಂಚಿನ ಒಣಮಣ್ಣಿನಲ್ಲಿ ಮೆಟ್ಟುಗಾಲು ಹಕ್ಕಿ ನಾಲ್ಕು ಮೊಟ್ಟೆ ಇಟ್ಟಿತ್ತು. ಬಿಸಿಲೇರಿದಂತೆ ಆ ಕೆಂಪು ಕಡ್ಡಿಕಾಲಿನಲ್ಲಿ ನೀರಿಗಿಳಿದು, ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಣಿಸುತ್ತ ಕೂರುತ್ತಿತ್ತು. ಹೊಟ್ಟೆಯಿಂದ ಹನಿ ತೊಟ್ಟಿಕ್ಕುವ ಆ ಗಳಿಗೆಯ ಚಿತ್ರ ನನಗೆ ಬೇಕಿತ್ತು. ವಾರಗಟ್ಟಲೆ ಅದಕ್ಕೇ ಬಿದ್ದಿದ್ದೆ.

ಹೂಳು ತೆಗೆಯಲು ಮಾರನೆಯ ದಿನ ಜೆಸಿಬಿ ಬರುತ್ತದೆಂದು ಅಕ್ಕನೇ ಹೇಳಿದಳು. ಮಾವನಿಗೆ ತಡೆಯಲಾಗಲಿಲ್ಲ. ಸಂಜೆಗೆ ಸುಣ್ಣದ ಪುಡಿ ತಂದು ಗೂಡಿನ ಸುತ್ತ ದೊಡ್ಡದೊಂದು ಬಳೆ ಬರೆದರು. “ಗಣಿಯೊಳಗೆ ಸಿಡೀದೆ ಉಳಿದಿರೋ ಮದ್ದಿಗೆ ಇಂಗೇ ಬಿಳೀ ಗುರುತು ಆಕ್ತಿದ್ವಿ ಕಣ್ಲಾ. ಯಾವ ನನ್ಮಗನೂ ಅತ್ರ ಬರ್ತಿರ್ಲಿಲ್ಲ.”

ಭಾನುವಾರ ನಾವು ಏರಿ ಹತ್ತುವಷ್ಟರಲ್ಲಿ ಜೆಸಿಬಿ ನೆಟ್ಟಗೆ ಆ ಬಳೆಯ ಕಡೆಗೇ ಹೊರಟಿತ್ತು. ಹಕ್ಕಿಗಳೆರಡೂ ಮೇಲೆ ಸುತ್ತುತ್ತ ಕಿರುಚುತ್ತಿದ್ದವು. “ನಿಲ್ಲಪ್ಪಾ! ನಿಲ್ಲು!” ಎನ್ನುತ್ತ ಮಾವ ಓಡಿದರು. ಅವರ ಎದೆಯಲ್ಲಿ ಅಷ್ಟು ಉಸಿರಿಲ್ಲ. ಅರ್ಧ ದಾರಿಯಲ್ಲೇ ಕುಸಿದು ಕೂತರು, ನಾನು ಹಿಡಿದುಕೊಂಡೆ. ಅಷ್ಟರಲ್ಲಿ ಅಕ್ಕ ಹಸುವಿನ ಹಗ್ಗ ಜಗ್ಗಿಕೊಂಡು ಬಂದು ಯಂತ್ರದೆದುರು ಅಡ್ಡ ನಿಂತಳು.

ಡ್ರೈವರ್ ಇಳಿದು ಬಂದ. “ನೀವೇ ಸುಣ್ಣ ಆಕಿ, ನೀವೇ ಅಡ್ಡ ನಿಂತ್ರೆ ಎಂಗೆ? ಸುಣ್ಣ ಇರೋ ಕಡೆಯಿಂದ ತಾನೆ ಅಗಿಯೋದು?”

“ಕೇಳಿದ್ಯಾ ತಾತಾ? ನಿನ್ ಗಣಿ ಕಾನೂನು ಕೆರೇಲಿ ನಡಿಯಲ್ಲ,” ಅಂದಳು ಅಕ್ಕ.

ಮಾವ ಎದ್ದು ಬಂದು ಚಪ್ಪಲಿಯಲ್ಲಿ ಸುಣ್ಣವನ್ನೆಲ್ಲ ಕೆದರಿ ಅಳಿಸಿದರು. ಡ್ರೈವರ್ ಬಗ್ಗಿ ಮೊಟ್ಟೆಗಳನ್ನು ನೋಡಿ, “ಅಯ್ಯೋ, ಇಷ್ಟಕ್ಕಾ?” ಎಂದು ನಕ್ಕು, ಯಂತ್ರವನ್ನು ಕೆರೆಯ ಇನ್ನೊಂದು ದಡಕ್ಕೆ ತಿರುಗಿಸಿದ.

ಆದರೂ ಹಕ್ಕಿ ಇಳಿಯಲಿಲ್ಲ. ಬಿಸಿಲು ಚುರುಗುಟ್ಟುತ್ತಿತ್ತು. ನಾನು ಮತ್ತೆ ಬೋರಲು ಬಿದ್ದು ಕಾದೆ.

“ನೀನ್ ಇಲ್ಲೇ ಬಿದ್ದಿದ್ರೆ ಅದು ಎಂಗ್ ಬರ್ತದೆ? ಮೊಟ್ಟೆ ಬೆಂದೋಗಲ್ವಾ? ಏಳು ತಮ್ಮಾ, ಆ ಕಡೆ ಓಗು,” ಅಂದಳು ಅಕ್ಕ.

ಮಾವ ನನ್ನ ಮುಖ ನೋಡಿದರು. ಎದ್ದೆ. ಮೂವರೂ ಏರಿಯ ಮೇಲಿನ ಜಾಲಿಯ ಮರೆಗೆ ಹೋಗಿ ಕೂತೆವು. ಸ್ವಲ್ಪ ಹೊತ್ತಿಗೆ ಹಕ್ಕಿ ನೀರಿಗಿಳಿದು, ಹೊಟ್ಟೆ ನೆನೆಸಿಕೊಂಡು ಹೋಗಿ ಕೂತಿತು. ಅಷ್ಟು ದೂರಕ್ಕೆ ನನ್ನ ಲೆನ್ಸ್ ಎಟುಕುತ್ತಿರಲಿಲ್ಲ. ಕ್ಯಾಮೆರಾ ಚೀಲಕ್ಕೆ ಹಾಕಿ, ಅಕ್ಕ ಕೊಟ್ಟ ಮಜ್ಜಿಗೆ ಕುಡಿದೆ.

ಮರಿಗಳಾದದ್ದು ಮುಂದಿನ ವಾರದ ಮಧ್ಯೆ, ನಾನು ಕಾರ್ಖಾನೆಯಲ್ಲಿ ಹಗಲು ಪಾಳಿಯಲ್ಲಿದ್ದಾಗ. ಮಾವ ಬೆಳಗಿನ ಬಸ್ಸಿಗೇ ಹೋಗಿದ್ದರು. ನಾಲ್ಕನೆಯ ಮರಿಯೂ ನೀರಿನ ತನಕ ನಡೆದು ಹೋಗುವವರೆಗೆ ಅವರೂ ಅಕ್ಕನೂ ಏರಿಯ ಮೇಲೆಯೇ ಕೂತಿದ್ದರಂತೆ.