ಬಕೆಟ್ಟಿನೊಳಗಿನ ತೆರೆ

ಇವತ್ತಿಂದು ಕೇಳ್ರಿ ಗೆಳೆಯರ. ಮಧ್ಯಾಹ್ನ ಭಾಂಡುಪ್‌ನ ನಮ್ಮ ಬಿಲ್ಡಿಂಗಿನಲ್ಲಿ ಕರೆಂಟ್ ಹೋಯಿತು. ಎದುರುಮನೆಯ ಬೆಳಗಾವಿ ಕಾಕು ನೇರವಾಗಿ ಬಂದು ನಮ್ಮವ್ವನಿಗೆ ಹೇಳಿದರು, "ನಿಮ್ಮ ಮಗಳು ಸಮುದ್ರದ ತೆರಿಯಿಂದ ಕರೆಂಟ್ ಮಾಡ್ತಾಳಲ್ರೀ, ನಮ್ಮನಿಗೂ ಸ್ವಲ್ಪ ಬಿಡ್ರಿ."

ಹಾಗಂತ ಬಿಲ್ಡಿಂಗಿಗೆಲ್ಲ ಹೇಳಿಟ್ಟವಳು ಅವ್ವನೇ. ನಾನು ಮಾಡುವುದು ಬರೀ ಗಣಿತ. ತೆರೆಯ ಮೇಲೆ ತೇಲುವ ಯಂತ್ರದಿಂದ ಎಷ್ಟು ವಿದ್ಯುತ್ ಸಿಗಬಹುದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತೇನೆ.

"ಕಾಕು, ನನ್ನ ಲೆಕ್ಕದಿಂದ ಇನ್ನೂ ಒಂದು ಬಲ್ಬೂ ಹತ್ತಿಲ್ಲ" ಅಂದೆ. ಅವ್ವನ ಮುಖ ಸಣ್ಣದಾಯಿತು.

ನನಗೆ ತಡೆಯಲಾಗಲಿಲ್ಲ. ಬಕೆಟ್ಟಿನಲ್ಲಿ ನೀರು ತಂದು ಸ್ಟೀಲ್ ಬಟ್ಟಲೊಂದನ್ನು ತೇಲಿಬಿಟ್ಟೆ. "ಅವ್ವಾ, ನೀ ಕೈಲೆ ತೆರಿ ಎಬ್ಬಸು. ತೆರಿ ಲಯ, ಬಟ್ಟಲದ ಲಯ ಕೂಡಿದ್ರ ಅದು ಜೋರ್ ಕುಣೀತದ. ಆ ಲಯ ಹುಡುಕೋದ ನನ್ನ ಕೆಲಸ."

ಅವ್ವ ಸೆರಗು ಸಿಕ್ಕಿಸಿ ಕೂತು ನೀರು ಅಲ್ಲಾಡಿಸಿದಳು. ಬಟ್ಟಲು ಕುಣಿಯಿತು. ಅಷ್ಟರಲ್ಲಿ ಫ್ಯಾನ್ ತಿರುಗತೊಡಗಿತು.

ಕಾಕು ಬಕೆಟ್ ನೋಡಿದರು, ಫ್ಯಾನ್ ನೋಡಿದರು.

"ಬಂತ ನೋಡ್ರಿ" ಅಂದಳು ಅವ್ವ, ಕೈ ಒರೆಸಿಕೊಳ್ಳುತ್ತ.

ನಾನು ತಿದ್ದಲು ಹೋಗಲಿಲ್ಲ. ನನ್ನ ಗೈಡ್ ಇನ್ನೂ ನನ್ನ ಲೆಕ್ಕ ಒಪ್ಪಿಲ್ಲ, ಆದರೆ ಅವ್ವನ ಮಟ್ಟಿಗೆ ನನ್ನ ಪಿಎಚ್‌ಡಿ ಇವತ್ತೇ ಮುಗಿಯಿತು.